ಬೀಳುಗಾಲದಲ್ಲಿ ಮಕ್ಕಳು ಮಲಗುವ ಮನೆ

ಡೋಣಿ, ಕಪ್ಪತಗುಡ್ಡದ ಬುಡ
ಕ್ರಿ.ಶ. ೨೨೧೪, ಬೀಳುಗಾಲದ ಎರಡನೆಯ ವರ್ಷ, ಸಂಜೆ

ನಮಗಿಂತ ಮೊದಲು ಬದುಕಿದ ಹಿರಿಯರಿಗೆ ಶರಣು.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಬೀಳುಗಾಲವೆಂದರೆ ಸೂರ್ಯ ಕೆರಳುವ ವರ್ಷಗಳು. ಆಗ ಮೇಲಿನ ಗಾಳಿ ಉಬ್ಬುತ್ತದೆ, ನೀವು ಹಾರಿಸಿ ಮರೆತ ಉಪಗ್ರಹಗಳು ಅದಕ್ಕೆ ಉಜ್ಜಿಕೊಂಡು ಉರಿಯುತ್ತ ಇಳಿಯುತ್ತವೆ. ಉಲ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಇವು ನಿಧಾನವಾಗಿ, ಚೂರುಚೂರಾಗುತ್ತ, ಬಾನಿನ ಈ ತುದಿಯಿಂದ ಆ ತುದಿಗೆ ಸಾಗುತ್ತವೆ. ಬಹುಪಾಲು ಬೂದಿಯಾಗುತ್ತದೆ. ಹೋದ ಸುಗ್ಗಿಯಲ್ಲಿ ಉರಿಯದೆ ಉಳಿದ ತುಂಡೊಂದು ನೆರೆಯೂರಿನ ಮನೆಯ ಮೇಲೆ ಬಿತ್ತು. ಮಲಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.

ಅಂದಿನಿಂದ ನಮ್ಮೂರಲ್ಲೊಂದು ಕಟ್ಟಳೆ: ಒಂದು ಮನೆಯವರೆಲ್ಲ ಒಂದೇ ಸೂರಿನಡಿ ಮಲಗುವಂತಿಲ್ಲ. ಸಂಜೆ ರೊಟ್ಟಿ ಉಣಿಸಿ ತಾಯಂದಿರು ಒಂದೊಂದು ಮಗುವನ್ನು ಒಂದೊಂದು ಮನೆಗೆ ಬಿಟ್ಟು ಬರುತ್ತಾರೆ. ಮನೆತನವೇ ಅಳಿಯಬಾರದಲ್ಲ.

ನಾನು ಗುಡ್ಡದ ಮೇಲಿನ ಬಾನ್ಗಣ್ಣನ್ನು ನೋಡಿಕೊಳ್ಳುವವಳು. ಅದು ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಕ್ಯಾಮೆರಾ. ಅದರ ಗಾಜಿನ ಗುಮ್ಮಟ ಒರೆಸುತ್ತೇನೆ. ಬೆಂಕಿಯ ಗೆರೆ ಕಂಡರೆ ದೂರದ ಕ್ಯಾಮೆರಾಗಳ ಚಿತ್ರದೊಡನೆ ಹೋಲಿಸಿ, ಎಲ್ಲಿ ಬಿತ್ತೆಂದು ತಿಳಿಸುತ್ತೇನೆ. ಬಿದ್ದ ಮೇಲೆ. ಬೀಳುವ ಮುಂಚೆ ಹೇಳಲು ನನ್ನಿಂದಾಗದು. ಇದನ್ನು ಊರಿಗೆ ಹೇಳಿ ಹೇಳಿ ಬಾಯಿ ಸೋತಿದೆ.

ಈ ವಾರ ಮಗಳು ಗೌರವ್ವನನ್ನು ಅವಳ ಸೋದರತ್ತೆಯ ಮನೆಗೆ ಕಳಿಸಿದೆ. ಅಲ್ಲಿನ ಶೇಂಗಾ ಚಟ್ನಿ ಅವಳಿಗೆ ಪ್ರಾಣ, ಅಷ್ಟೇ. ಮರುದಿನ ಊರಿನ ಮಕ್ಕಳೆಲ್ಲ ಅದೇ ಮನೆಯಲ್ಲಿ! ಬಾನು ನೋಡುವವಳು ಮಗಳನ್ನು ಸುಮ್ಮನೆ ಎಲ್ಲಿಗೋ ಕಳಿಸುತ್ತಾಳೆಯೇ ಎಂಬುದು ಅವರ ಲೆಕ್ಕ. ನನಗೇನೂ ಗೊತ್ತಿಲ್ಲವೆಂದು ಕೈಮುಗಿದು ಅತ್ತುಬಿಟ್ಟೆ. ಪಕ್ಕದ ಮನೆಯ ಶಂಕ್ರವ್ವ ನಕ್ಕು, "ಇರ್ಲಿ ಬಿಡ ಯಕ್ಕಾ, ನೀ ಬಾಯಿಬಿಟ್ಟು ಹೇಳಬ್ಯಾಡ. ನಿನ್ನ ಮಗಳು ಎಲ್ಲಿರ್ತಾಳೋ ನಮ್ಮ ಹುಡುಗ್ರೂ ಅಲ್ಲೇ ಇರ್ತಾವು" ಎಂದಳು.

ಇಂದು ಮಗಳನ್ನು ಮನೆಯಲ್ಲೇ ಉಳಿಸಿಕೊಂಡೆ. ಕಟ್ಟಳೆ ಮುರಿದವಳ ಬೆನ್ನು ಹತ್ತಲಾರರು ಎಂದುಕೊಂಡಿದ್ದೆ. ಹೊತ್ತು ಮುಳುಗುವಾಗ ಎಲ್ಲರೂ ಕೌದಿ ಹೊತ್ತು ಬಂದರು. ನಡುಮನೆ ತುಂಬಿ ಈಗ ಕಟ್ಟೆಯ ಮೇಲೂ ಮಕ್ಕಳೇ.

ಹಿರಿಯರೇ, ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಉಪಗ್ರಹ ಹಾರಿಸುವಾಗಲೇ ಇಳಿಸುವ ಬಗೆಯನ್ನೂ ಯೋಚಿಸಿ. ನಿಮ್ಮ ಮಾತು ಕೇಳುವಾಗಲೇ ಅವನ್ನು ಸಮುದ್ರಕ್ಕೆ ಇಳಿಸಿಬಿಡಿ. ನಮ್ಮ ಮಾತನ್ನು ಅವು ಕೇಳುವುದಿಲ್ಲ.

ನಾನೀಗ ಗುಡ್ಡ ಹತ್ತಬೇಕು. ಊರಿನ ಮಕ್ಕಳೆಲ್ಲ ನನ್ನ ಮನೆಯಲ್ಲಿ ಹಾಸಿಕೊಂಡು ಹರಟುತ್ತಿವೆ. ತಾಯಂದಿರು ನೆಮ್ಮದಿಯಿಂದ ಮನೆಗೆ ಹೋದರು.

ಬಸಲಿಂಗವ್ವ