ಒಂಬತ್ತನೇ ನಂಬರಿನ ಬೂಟು

ಕೆರೆ ಸಂರಕ್ಷಣಾ ಸಂಘದ ಕಾರ್ಯದರ್ಶಿಗಳಿಗೆ,

ನನ್ನ ಕಾಲಾನಂತರ ಈ ಮನೆ ಸಂಘಕ್ಕೆ ಸೇರಲಿ ಎಂದು ಉಯಿಲು ಬರೆದ ದಿನದಿಂದ, ನಿಮ್ಮ ದೇಣಿಗೆ ವಿಭಾಗದವನು ತಿಂಗಳಿಗೊಮ್ಮೆ ಹೂಗುಚ್ಛ ಹಿಡಿದು ಬರುತ್ತಾನೆ. "ಆರೋಗ್ಯ ಹೇಗಿದೆ ಅಜ್ಜಿ?" ಅನ್ನುತ್ತಾನೆ. ನಾನು ಕೆಮ್ಮಿದರೆ ಅವನ ಮುಖ ಅರಳುತ್ತದೆ. ಮೊನ್ನೆ ನಾನು ಟೀ ತರುವಷ್ಟರಲ್ಲಿ ಟೇಪು ಹಿಡಿದು ನಡುಮನೆ ಅಳೆಯುತ್ತಿದ್ದ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವಳು ನಾನು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅಜ್ಜಿ ಸಾಯುವ ಮುಂಚೆ ಮನೆ ಅಳೆಯುವವರನ್ನು ಕಂಡದ್ದು ಇದೇ ಮೊದಲು.

ರಣಹದ್ದುಗಳನ್ನು ಉಳಿಸಿ ಎಂದು ನಿಮ್ಮ ಕರಪತ್ರದಲ್ಲಿದೆ. ಅವಕ್ಕೆ ನಿಮಗಿಂತ ಹೆಚ್ಚು ಮರ್ಯಾದೆ ಇದೆ. ಪ್ರಾಣ ಹೋಗುವ ತನಕವಾದರೂ ಕಾಯುತ್ತವೆ.

ನಿನ್ನೆ ಕೆರೆಗೇ ಹೋಗಿದ್ದೆ. ದಾನಿಗಳ ಹೆಸರು ಕೆತ್ತಿದ ಗ್ರಾನೈಟ್ ಕಮಾನು ಥಳಥಳ ಹೊಳೆಯುತ್ತಿತ್ತು. ಅದರಾಚೆ ನಿಮ್ಮ ಕಾವಲುಗಾರ ಹರಕು ಬೂಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಕೆಸರಿನಲ್ಲಿ ನಿಂತು ಕಳೆ ಕೀಳುತ್ತಿದ್ದ.

"ಬೂಟು ಕೇಳಿ ಎರಡು ವರ್ಷ ಆಯ್ತಮ್ಮ. ಬಜೆಟ್ ಇಲ್ಲ ಅಂತಾರೆ," ಅಂದ.

ಬೂಟು ಬಿಚ್ಚಿಸಿ ನೋಡಿದರೆ ಕಾಲ್ಬೆರಳ ಸಂದಿಯೆಲ್ಲ ಹುಣ್ಣು. ತೊಳೆದು ಪಟ್ಟಿ ಕಟ್ಟಿ ಬಂದೆ.

ಇನ್ನು ಹೂಗುಚ್ಛ ಬೇಡ. ಆ ದುಡ್ಡಿನಲ್ಲಿ ಕಾವಲುಗಾರನಿಗೆ ಬೂಟು ಕೊಡಿಸಿ; ಒಂಬತ್ತನೇ ನಂಬರು. ಅವನು ಅದನ್ನು ಹಾಕಿಕೊಂಡು ಬಂದು ನನಗೆ ತೋರಿಸದಿದ್ದರೆ, ಮುಂದಿನ ತಿಂಗಳು ಉಯಿಲಿನಲ್ಲಿ ನಿಮ್ಮ ಹೆಸರಿರುವುದಿಲ್ಲ.

ಆರೋಗ್ಯ ಚೆನ್ನಾಗಿದೆ. ನನಗೀಗ ಎಪ್ಪತ್ತೊಂದು. ನಮ್ಮಮ್ಮ ಹೋದದ್ದು ತೊಂಬತ್ತೆಂಟಕ್ಕೆ, ಅದೂ ಮೆಟ್ಟಿಲಿನಿಂದ ಜಾರಿ ಬಿದ್ದು.

ಇನ್ನೂ ಇದೇ ಮನೆಯಲ್ಲಿರುವ,
ಮೂಲೆಮನೆ ನರ್ಸಮ್ಮ