ನಿನ್ನ ಪಾಠ ಯಾರಿಗೆ ಹೋಯಿತು ಎಂದರೆ

ಪ್ರೀತಿಯ ಸಾಯ್ರಾ,

ಸೋಮವಾರ ಬೆಳಗ್ಗೆ ಬಂತೆಂದರೆ ನೀನು ಶಿಕ್ಷಕರ ಕೋಣೆಯ ಒಲೆಗೆ ಬೆನ್ನು ಕೊಟ್ಟು ಕೂತು, ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, "ಬುರುಲ್ ಎಜೆ, ಅಕ್ಕಾ, ಯಾರು ಬಂದ್ರು, ಯಾರು ಹೋದ್ರು, ಯಾರು ಯಾರ ಹತ್ರ ಮಾತು ಬಿಟ್ರು, ಒಂದೂ ಬಿಡದೆ ಹೇಳಿ" ಎನ್ನುತ್ತಿದ್ದೆ. ಈಗ ಆ ಜಾಗದಲ್ಲಿ ಯಾರೂ ಕೂರುವುದಿಲ್ಲ. ಕೂರಬೇಡಿ ಎಂದು ಯಾರೂ ಹೇಳಿಲ್ಲ, ಆದರೂ ಕೂರುವುದಿಲ್ಲ. ಸುದ್ದಿ ಮಾತ್ರ ನನ್ನಲ್ಲಿ ಬೇಕಾದಷ್ಟು ಸೇರಿಕೊಂಡಿದೆ. ಕೇಳು.

ಮೂಳೆಗಳ ಪಾಠದ ನಮ್ಮ ಹಿರಿಯಣ್ಣ ಜಿಯಾದಿನ್ ಬೈಕೆ ನಿವೃತ್ತರಾದರು. ಹೊಸ ನಿಲುವಂಗಿ ತೊಡಿಸಿ, ತಲೆಗೆ ಬಿಳಿ ಟೋಪಿ ಇಟ್ಟು, ಕುರಿ ಕೊಯ್ದು ಊಟ ಹಾಕಿ ಕಳಿಸಿದೆವು. ಮಾರನೆಯ ದಿನ ಅದೇ ಟೋಪಿ ಇಟ್ಟುಕೊಂಡು ಎಂದಿನ ಹೊತ್ತಿಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತರು. "ಮನೇಲಿ ಮುದುಕಿಗೆ ಮೂಳೆ ಹೆಸರು ಹೇಳಿಕೊಟ್ಟರೆ ಬೈತಾಳೆ" ಅಂತ. ಈಗಲೂ ದಿನಾ ಬರುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಕಚೇರಿಯ ಗುಲಿಪಾ ಕೊನೆಗೂ ಆ ಬಸ್ಸಿನ ಚಾಲಕನನ್ನೇ ಮದುವೆಯಾದಳು. ನೀನು ಹೇಳಿದ್ದೇ ಸರಿಯಾಯಿತು, ನಾನು ಹೇಳಿದ್ದು ಸುಳ್ಳಾಯಿತು.

ಇನ್ನು ದೊಡ್ಡ ಸುದ್ದಿ. ನಿನ್ನ ಪಾಠ ಯಾರಿಗೆ ಹೋಯಿತು ಎಂಬುದು.

ಕಳೆದ ಚಳಿಗಾಲ ಮೇಲಿನ ಹಳ್ಳಿಯಲ್ಲಿ ಹುಡುಗಿಯರ ಹೆರಿಗೆ ತರಬೇತಿ ನೋಡಿಕೊಂಡು ನೀನೊಬ್ಬಳೇ ವಾಪಸು ಬರುವಾಗ, ಕಣಿವೆಯ ದಾರಿಯಲ್ಲಿ ವ್ಯಾನು ಮಂಜುಗಡ್ಡೆಯ ಮೇಲೆ ಜಾರಿತಲ್ಲ, ಆ ದಿನದ ಮಾತು ನಾನು ಬರೆಯುವುದಿಲ್ಲ. ಆಮೇಲಿನದು ಬರೆಯುತ್ತೇನೆ. ನಿನ್ನ ಅಂಗಳದಲ್ಲಿ ಗುಡಾರ ಕಟ್ಟಿ ನಿನ್ನನ್ನು ಮಲಗಿಸಿದ್ದರು. ಒಳಗೆ ಹೆಂಗಸರು ಹಾಡಿ ಅಳುತ್ತಿದ್ದರು. ಗಂಡಸರು ಹೊರಗೆ ಸಾಲಾಗಿ ನಿಂತಿದ್ದರು. ನಮ್ಮ ಕಾಲೇಜಿನ ನಿರ್ದೇಶಕ ಅಕ್ಮಾತ್ ಬೈಕೆ ಸಂತಾಪ ಹೇಳಲು ಹೋದಾಗ ನಿನ್ನ ಗಂಡ ತೊಕ್ತೋಸುನ್ ಅವರ ಕೈ ಹಿಡಿಯಲಿಲ್ಲ. "ನಿಮ್ಮ ಕಾಲೇಜು ನನ್ನ ಹೆಂಡತಿಯನ್ನ ತಿಂದುಬಿಡ್ತು ಬೈಕೆ" ಎಂದ, ಅಷ್ಟು ಜನರ ಮುಂದೆ. ಅಕ್ಮಾತ್ ಬೈಕೆ ತಲೆ ತಗ್ಗಿಸಿಕೊಂಡು ನಿಂತೇ ಇದ್ದರು.

ಬೇಸಿಗೆಯ ರಜೆಗೆ ಮೊದಲು ಮುಂದಿನ ವರ್ಷದ ಯೋಜನೆಯ ಸಭೆ ಸೇರಿತು. ಸೂಲಗಿತ್ತಿ ವಿಭಾಗಕ್ಕೆ ಶಿಕ್ಷಕರು ಸಿಗದಿದ್ದರೆ ವಿಭಾಗ ಮುಚ್ಚಿ, ಹುಡುಗಿಯರನ್ನು ನಗರದ ಕಾಲೇಜಿಗೆ ಕಳಿಸಿ ಎಂದು ಮೇಲಿನಿಂದ ಹೇಳಿಯಾಗಿತ್ತು. ನಗರ ಎಂದರೆ ಆ ಹುಡುಗಿಯರಲ್ಲಿ ಅರ್ಧದಷ್ಟು ಜನ ಮನೆಯಲ್ಲೇ ಉಳಿಯುತ್ತಾರೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಯಾವ ಕುರುಬ ತಾನೇ ಮಗಳನ್ನು ಅಷ್ಟು ದೂರ ಕಳಿಸಿಯಾನು? ಮದುವೆ ಮಾಡಿ ಮುಗಿಸುತ್ತಾನೆ. ಆದರೂ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನನ್ನ ಸಂಗತಿ ನಿನಗೊಬ್ಬಳಿಗೇ ಗೊತ್ತಿತ್ತಲ್ಲ, ಆ ಬೇಸಿಗೆಗೆ ಕೆಲಸ ಬಿಟ್ಟು ರಾಜಧಾನಿಯ ಖಾಸಗಿ ಆಸ್ಪತ್ರೆಗೆ ಹೋಗುವವಳಿದ್ದೆ. ಹೋಗುವವಳು ಯಾವ ಬಾಯಲ್ಲಿ ಮಾತಾಡಲಿ?

ಅಕ್ಮಾತ್ ಬೈಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹಾಗಾದ್ರೆ ಮುಚ್ಚೋಣ" ಎಂದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಆಂಬುಲೆನ್ಸಿನ ನೀಲಿ ಅಂಗಿಯಲ್ಲೇ ತೊಕ್ತೋಸುನ್ ನಿಂತಿದ್ದ.

ಜಗಳಕ್ಕೇ ಬಂದಿದ್ದಾನೆ ಎಂದುಕೊಂಡೆವು. ಜಿಯಾದಿನ್ ಬೈಕೆ ಎದ್ದು ನಡುವೆ ಹೋಗಿ ನಿಂತರು. ಅವನು ಅವರ ಪಕ್ಕದಿಂದ ಹಾದು ಬಂದು ಖಾಲಿ ಕುರ್ಚಿಯಲ್ಲಿ ಕೂತ.

"ಸಾಯ್ರಾಳ ಪಾಠ ನಾನು ಮಾಡ್ತೀನಿ" ಎಂದ.

ಯಾರೋ ನಕ್ಕರು. ಹೆದರಿಕೆಗೆ ಬರುವ ನಗು ಅದು. "ತಮ್ಮಾ, ನೀನು ಗಂಡಸು. ಹೆರಿಗೆ ಪಾಠ ಅದು" ಎಂದರು ಅಕ್ಮಾತ್ ಬೈಕೆ ಮೆತ್ತಗೆ.

"ಆಂಬುಲೆನ್ಸ್‌ನಲ್ಲಿ ನಾನು ಎಷ್ಟು ಹೆರಿಗೆ ಮಾಡಿಸಿದೀನಿ ಅಂತ ನಿಮ್ಮ ಊರಿನ ಹೆಂಗಸರನ್ನೇ ಕೇಳಿ. ಹುಟ್ಟೋ ಕೂಸಿಗೆ ಹಿಡಿಯೋ ಕೈ ಗಂಡಸಿಂದೋ ಹೆಂಗಸಿಂದೋ ಗೊತ್ತಾಗಲ್ಲ ಬೈಕೆ. ಹಿಡಿದರೆ ಸಾಕು ಅದಕ್ಕೆ."

"ಕೂಸಿನ ಮಾತಲ್ಲಪ್ಪ, ಹುಡುಗಿಯರ ಅಪ್ಪಂದಿರ ಮಾತು" ಎಂದರು ಜಿಯಾದಿನ್ ಬೈಕೆ. "ನನ್ನ ತಲೆ ಒಡೀತಾರೆ ಅವರು. ನಾನು ನಿವೃತ್ತ ಬೇರೆ, ಕೇಳೋರೂ ಇಲ್ಲ."

ಜೊತೆಗೆ ಅವನ ಸರ್ಟಿಫಿಕೇಟು ವೈದ್ಯ ಸಹಾಯಕನದು, ಸೂಲಗಿತ್ತಿಯದಲ್ಲ. ವಿಭಾಗದ ಹೊಣೆ ಅವನ ಹೆಸರಿಗೆ ಬರೆಯುವಂತಿರಲಿಲ್ಲ. ಎರಡೂ ಓದಿಕೊಂಡವಳು ಆ ಕೋಣೆಯಲ್ಲಿ ನಾನೊಬ್ಬಳೇ. ಅದು ಅಕ್ಮಾತ್ ಬೈಕೆಗೂ ಗೊತ್ತಿತ್ತು. ಅವರು ನನ್ನ ಕಡೆ ನೋಡಿದರು. ತೊಕ್ತೋಸುನ್ ನೋಡಲೂ ಇಲ್ಲ. ತನ್ನ ಅಂಗೈಯನ್ನೇ ದಿಟ್ಟಿಸುತ್ತ ಕೂತಿದ್ದ. ನನ್ನ ಬಾಯಿಂದ, "ಹೊಣೆ ನನ್ನ ಹೆಸರಿಗಿರಲಿ. ಪಾಠ ಇಬ್ಬರೂ ಹಂಚಿಕೊಳ್ತೀವಿ" ಎಂಬ ಮಾತು ಬಂತು. ಬಂದ ಮೇಲೆ ನನಗೆ ಸಿಟ್ಟೂ ಬಂತು, ನಿನ್ನ ಮೇಲೆ. ಸತ್ತ ಮೇಲೂ ನನ್ನನ್ನು ಊರು ಬಿಡಲು ಬಿಡಲಿಲ್ಲವಲ್ಲ ನೀನು ಎಂದು.

ಊರಲ್ಲಿ ಮಾತಾಗದೆ ಇರುತ್ತದೆಯೇ? ಸಂತೆಯಲ್ಲಿ ಒಬ್ಬಳು, "ಏನು ಎಜೆ, ಇನ್ಮೇಲೆ ನಿಮ್ಮ ಕಾಲೇಜಲ್ಲಿ ಗಂಡಸರೇ ಹೆರ್ತಾರಂತೆ!" ಎಂದು ನನ್ನನ್ನು ಕೆಣಕಿದಳು. ಎರಡನೆಯ ವರ್ಷದ ಬೆಗಾಯಿಮ್ ನಿನಗೆ ನೆನಪಿರಬೇಕು, ಉದ್ದ ಜಡೆಯವಳು, ನೀನು ಮೆಚ್ಚಿಕೊಂಡಿದ್ದವಳು. ಅವಳ ತಾಯಿ, ಗಿರಣಿಯ ಹತ್ತಿರದ ಕಾಲಿಪಾ, ಮಗಳನ್ನು ಕಳಿಸುವುದೇ ಇಲ್ಲ ಎಂದು ಹೇಳಿಕಳಿಸಿದಳು.

ಸೆಪ್ಟೆಂಬರಿನಲ್ಲಿ ತರಗತಿ ಶುರುವಾಯಿತು. ನಿಜ ಹೇಳಲೇ? ನಿನ್ನ ಗಂಡ ಬಹಳ ಕೆಟ್ಟ ಮೇಷ್ಟರು. ಪುಸ್ತಕ ಮುಖಕ್ಕೆ ಹಿಡಿದು, ಮುಲ್ಲಾ ಪ್ರಾರ್ಥನೆ ಓದಿದ ಹಾಗೆ ಒಂದೇ ರಾಗದಲ್ಲಿ ಓದುತ್ತಿದ್ದ. ಹುಡುಗಿಯರು ತಲೆಯ ಚೌಕದ ತುದಿ ಬಾಯಿಗೆ ಒತ್ತಿಕೊಂಡು ಕಿಸಕ್ಕನೆ ನಗುತ್ತಿದ್ದರು. ಬೆವರು ಅವನ ಕಿವಿಯ ಹಿಂದೆ ಇಳಿಯುತ್ತಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತು, ಇದು ತಿಂಗಳೂ ನಡೆಯಲಾರದು ಎಂದುಕೊಂಡೆ.

ಒಂದು ದಿನ ಕಾಲಿಪಾ ಮಗಳ ಹೆಸರು ತೆಗೆಸಲು ಕಾಲೇಜಿಗೆ ಬಂದಳು. ಕಚೇರಿಯಲ್ಲಿ ಗುಲಿಪಾ ಇರಲಿಲ್ಲ. ನನ್ನನ್ನು ಹುಡುಕಿಕೊಂಡು ತರಗತಿಯ ಬಾಗಿಲಿಗೇ ಬಂದು, ಎದೆಯ ಮೇಲೆ ಕೈ ಕಟ್ಟಿ ನಿಂತಳು. ಅವಳನ್ನು ನೋಡಿ ತೊಕ್ತೋಸುನನ ಓದು ನಿಂತುಹೋಯಿತು. ಹುಡುಗಿಯರ ನಗು ಇನ್ನಷ್ಟಾಯಿತು. ಅವನು ಪುಸ್ತಕ ಮುಚ್ಚಿದ. ಮೇಜಿನ ಮೇಲೆ ನಾವು ಹೆರಿಗೆ ಕಲಿಸುವ ರಬ್ಬರಿನ ಕೂಸು ಇತ್ತು. ಅದನ್ನು ಎತ್ತಿಕೊಂಡು, ಅದರ ಬಳ್ಳಿಯನ್ನು ಕತ್ತಿಗೆ ಸುತ್ತಿದ.

"ನಾನು ಮೊದಲು ಲಾರಿ ಓಡಿಸ್ತಿದ್ದೆ" ಎಂದ. "ನಿಮ್ಮ ಸಾಯ್ರಾ ಟೀಚರು ಹಾಲಿನ ಕಾರ್ಖಾನೇಲಿ ಕೆಲಸಕ್ಕಿದ್ದಳು. ಮದುವೆಯಾದ ವರ್ಷವೇ ಬಸುರಿ. ಮೇಲಿನ ಹುಲ್ಲುಗಾವಲಿಂದ ಇಳೀವಾಗ ದಾರೀಲೇ ನೋವು ಬಂತು. ಲಾರೀಲಿ ನಾವಿಬ್ಬರೇ. ನಾನು ಜೋರಾಗಿ ಓಡಿಸಿದೆ. ಅದೊಂದೇ ನನಗೆ ಗೊತ್ತಿದ್ದ ಕೆಲಸ. ಅವಳು ನಿಲ್ಸು ಅಂದಳು, ನಿಲ್ಲಿಸಿದೆ. ಕೂಸಿನ ತಲೆ ಬಂತು. ಹೊಕ್ಕುಳಬಳ್ಳಿ ಕತ್ತಿಗೆ ಸುತ್ಕೊಂಡಿತ್ತು. ಸಡಿಲವಾಗೇ ಇತ್ತು. ಬೆರಳು ಒಳಗೆ ತೂರಿಸಿ, ತಲೆ ಮೇಲಿಂದ ಜಾರಿಸಿದ್ದರೆ ಮುಗೀತಿತ್ತು. ನೋಡಿ, ಹೀಗೆ."

ಆ ರಬ್ಬರಿನ ಕೂಸಿನ ಕತ್ತಿನಿಂದ ಬಳ್ಳಿಯನ್ನು ಅವನು ಎಷ್ಟು ಹಗುರವಾಗಿ ಬಿಡಿಸಿದನೆಂದರೆ, ಸಾಯ್ರಾ, ನಿನ್ನ ಕೈಯೇ ಕಂಡಿತು ನನಗೆ.

"ನನಗದು ಗೊತ್ತಿರಲಿಲ್ಲ. ಹೆದರಿ ಕೈ ಹಾಕಲೇ ಇಲ್ಲ. ಅವಳೂ ಹುಡುಗಿ, ಅವಳಿಗೂ ಗೊತ್ತಿರಲಿಲ್ಲ. ಗಂಡು ಮಗು ಅದು. ಮಣ್ಣು ಮಾಡಿ ಬಂದ ಮೇಲೆ ಅವಳು ಅಂದಳು, ಇದು ಗೊತ್ತಿರಬೇಕಾದ ವಿಷಯ, ನಾವಿಬ್ಬರೂ ಕಲಿಯೋಣ ಅಂತ. ಅವಳು ಇದೇ ಕೋಣೇಲಿ ಕಲಿತಳು. ನಾನು ಆಂಬುಲೆನ್ಸ್ ಸೇರಿದೆ. ಆಮೇಲೆ ನಮಗೆ ಮಕ್ಕಳಾಗಲಿಲ್ಲ." ಬಳ್ಳಿಯನ್ನು ಮತ್ತೆ ಕೂಸಿನ ಕತ್ತಿಗೆ ಸುತ್ತಿ, "ಈಗ ಒಬ್ಬೊಬ್ಬರೇ ಬನ್ನಿ. ಬಿಡಿಸಿ ತೋರಿಸಿ" ಎಂದ.

ಯಾರೂ ನಗಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ನಾನು ಕೂತಲ್ಲೇ ಕೂತಿದ್ದೆ. ಇಷ್ಟು ವರ್ಷ ಒಂದೇ ಬಟ್ಟಲಿನ ಬೆಣ್ಣೆಗೆ ರೊಟ್ಟಿ ಅದ್ದಿಕೊಂಡು ತಿಂದಿದ್ದೇವೆ. ನನ್ನ ಮನೆಯ ಜಗಳ, ನನ್ನ ಸೊಸೆಯ ಕೊಂಕು, ನನ್ನ ಮೊಣಕಾಲು ನೋವು, ಎಲ್ಲ ನಿನ್ನ ಮಡಿಲಿಗೆ ಸುರಿದಿದ್ದೇನೆ. ನಿನಗೊಂದು ಮಗನಿದ್ದ ಎಂದು ನೀನು ಒಂದು ಮಾತು ಹೇಳಲಿಲ್ಲ. ನಾನೇ "ಮಕ್ಕಳಿಲ್ಲದವಳು, ನಿನಗೇನು ಗೊತ್ತು ತಾಯಿಯ ಸಂಕಟ" ಎಂದು ನಗೆಯಾಡಿದಾಗ ಕೂಡ ನೀನು ನಕ್ಕು, ಚಹಾ ಬಗ್ಗಿಸಿದೆ. ಯಾಕೆ ಹೇಳಲಿಲ್ಲ ಎಂದು ಈಗ ಕೇಳುವುದಿಲ್ಲ. ಪ್ರತಿ ವರ್ಷ ಅಷ್ಟೊಂದು ಹುಡುಗಿಯರ ಬೆರಳು ಹಿಡಿದು ಆ ಬಳ್ಳಿ ಬಿಡಿಸುವುದನ್ನು ಕಲಿಸಿದೆಯಲ್ಲ, ಬಹುಶಃ ಅದೇ ನೀನು ಹೇಳಿದ ರೀತಿ. ನನಗೆ ಕೇಳಿಸಲಿಲ್ಲ, ಅಷ್ಟೇ.

ಗೇಟಿನ ಹತ್ತಿರ ಕಾಲಿಪಾ ನನ್ನನ್ನು ನಿಲ್ಲಿಸಿದಳು. ಹೆಸರು ತೆಗೆಸುವ ಮಾತು ಎತ್ತಲಿಲ್ಲ. ಚೌಕದಿಂದ ಮೂಗು ಒರೆಸಿಕೊಂಡು, "ನಂದೂ ಒಂದು ಹೋಯ್ತು ಎಜೆ, ಬೆಗಾಯಿಮ್‌ಗಿಂತ ಮುಂಚೆ. ಯಾಕೆ ಹೋಯ್ತು ಅಂತ ಯಾರೂ ಹೇಳಲಿಲ್ಲ, ದೇವರು ತಗೊಂಡ ಅಂದ್ರು" ಎಂದಳು. ಮಾರನೆಯ ದಿನ ಬೆಗಾಯಿಮ್ ಮುಂದಿನ ಬೆಂಚಿನಲ್ಲಿದ್ದಳು.

ಮೇಲಿನ ಹಳ್ಳಿಯ ತರಬೇತಿಯ ವಿಚಾರಕ್ಕೆ ಮತ್ತೊಮ್ಮೆ ಸಭೆಯಾಯಿತು. ಕಣಿವೆ ದಾಟುವುದೇ ಬೇಡ, ನಿಲ್ಲಿಸಿಬಿಡೋಣ ಎಂದರು ಅಕ್ಮಾತ್ ಬೈಕೆ. ಅವರು ಹೆದರಿದ್ದಾರೆ, ಅದು ತಪ್ಪಲ್ಲ. ಬೇಡ ಎನ್ನುವುದು ತೊಕ್ತೋಸುನನೇ ಆಗಿರುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿದ್ದು ಬೇರೆ. "ಚಳಿಗಾಲದಲ್ಲಿ ಹೋಗಿ ಬಂದು ಮಾಡೋದು ಬೇಡ. ಹಿಮ ಬೀಳೋ ಮುಂಚೆ ಹೋಗೋಣ. ದಾರಿ ಬಿಡೋವರೆಗೂ ಅಲ್ಲೇ ಇರೋಣ. ಹಿಮ ಬಿದ್ದ ಮೇಲೇ ಅಲ್ಲವೇ ಬೈಕೆ, ಅವರಿಗೆ ನಾವು ಬೇಕಾಗಿರೋದು?" ಅದೇ ಈ ಚಳಿಗಾಲದ ಯೋಜನೆಯಾಯಿತು. ವಿಭಾಗ ಸದ್ಯಕ್ಕೆ ಉಳಿದಿದೆ. ಒಂದು ವರ್ಷ ನೋಡುತ್ತೇವೆ ಎಂದಿದ್ದಾರೆ ಮೇಲಧಿಕಾರಿಗಳು. ಆಮೇಲೆ ಏನೋ, ಗೊತ್ತಿಲ್ಲ.

ಹಾಗಾಗಿ ನಾನು ಈ ಕಾಗದ ಬರೆಯುತ್ತಿರುವುದು ಮೇಲಿನ ಹಳ್ಳಿಯಿಂದ. ದಾರಿ ಮುಚ್ಚಿ ವಾರವಾಯಿತು. ಬರುವಾಗ ನೀನು ಹೋದ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಹುಡುಗಿಯರೂ ನಾವೂ ಎಲ್ಲರೂ ಇಳಿದು, ಅಂಗೈ ಚಾಚಿ ನಿನಗಾಗಿ ಬೇಡಿಕೊಂಡು, ಮುಖ ಸವರಿಕೊಂಡೆವು. ಆಮೇಲೆ ತೊಕ್ತೋಸುನ್ ದಾರಿಯುದ್ದಕ್ಕೂ ಬಹಳ ನಿಧಾನ ಓಡಿಸಿದ.

ನಿನ್ನೆ ಬೆಳಗ್ಗೆ ಕುರಿ ಕಾಯುವ ಎಸೆನನ ಹೆಂಡತಿಗೆ ನೋವು ಶುರುವಾಯಿತು. ಅತ್ತೆ ಬಾಗಿಲಲ್ಲಿ ಅಡ್ಡ ನಿಂತು, "ಗಂಡಸು ಒಳಗೆ ಕಾಲಿಟ್ರೆ ಈ ಸೌಟಲ್ಲೇ ಹೊಡೀತೀನಿ" ಎಂದಳು. ತೊಕ್ತೋಸುನ್ ವಾದ ಮಾಡಲಿಲ್ಲ. ಅಂಗಳದ ಕಟ್ಟಿಗೆ ರಾಶಿಯ ಮೇಲೆ ಬೆನ್ನು ತಿರುಗಿಸಿ ಕೂತ. ಒಳಗೆ ನಾನಿದ್ದೆ, ಆದರೆ ಗೋಡೆಗೆ ಒರಗಿ ನಿಂತಿದ್ದೆ. ಕೈ ಬೆಗಾಯಿಮಳದು. ತಲೆ ಬಂತು, ಅವಳು ಬೆರಳು ಹಾಕಿ ಕತ್ತಿನ ಸುತ್ತ ನೋಡಿದಳು, ಏನೂ ಇರಲಿಲ್ಲ. ಉಳಿದದ್ದು ತಾನಾಗಿ ಬಂತು. ಹೆಣ್ಣು. ಬಾಯಿ ಒರೆಸುವ ಮೊದಲೇ ಚೀರಿತು.

ಕೂಸನ್ನು ತಾಯಿಯ ಎದೆಗೆ ಮಲಗಿಸಿ, ಎಲ್ಲ ಮುಗಿಸಿ, ಕೈ ತೊಳೆದವಳೇ ಬೆಗಾಯಿಮ್ ಹೊರಗೆ ಓಡಿದಳು. ಒಳ್ಳೆಯ ಸುದ್ದಿ ತಂದವರು ಉಡುಗೊರೆ ಕೇಳಬೇಕಾದದ್ದು ಕೂಸಿನ ಅಪ್ಪನನ್ನು. ಎಸೆನ್ ಅಲ್ಲೇ ಕುದುರೆಯ ಹತ್ತಿರ, ಜೇಬಿಗೆ ಕೈ ಹಾಕಿಕೊಂಡೇ ಕಾದಿದ್ದ. ಇವಳು ಅವನನ್ನು ದಾಟಿಕೊಂಡು ಕಟ್ಟಿಗೆ ರಾಶಿಯ ಮುಂದೆ ಹೋಗಿ ನಿಂತು, ಕೈ ಚಾಚಿ, "ಸುಯುಂಚು, ಮೇಷ್ಟ್ರೇ! ಹೆಣ್ಣು ಮಗು! ನನಗೇನು ಕೊಡ್ತೀರಿ?" ಎಂದಳು.

ಅವನು ಜೇಬು ತಡಕಿದ. ಏನೂ ಇರಲಿಲ್ಲ. ಆಮೇಲೆ ತೋಳಿನಿಂದ ಕಣ್ಣು ಒರೆಸಿಕೊಂಡು, ಎಡಗೈಯ ಗಡಿಯಾರ ಬಿಚ್ಚಿದ. "ತಗೋ. ನಾಡಿ ಎಣಿಸೋಕೆ ಬೇಕಾಗುತ್ತೆ. ಇನ್ನು ನಿನಗೇ ಬೇಕಾಗುತ್ತೆ" ಎಂದ. ಅತ್ತೆ ಸೌಟು ಹಿಡಿದೇ ಬಾಗಿಲಿಗೆ ಬಂದು, "ಅಳೋ ಗಂಡಸಾದ್ರೆ ಒಳಗೆ ಬಾರಪ್ಪ, ಚಹಾ ಕುಡಿ" ಎಂದು ಕರೆದಳು. ಅವನು ಬೂಟು ಕಳಚಿ, ತಲೆ ಬಗ್ಗಿಸಿ ಒಳಗೆ ಹೋದ.

ನಿನ್ನ ಮಣ್ಣು ನಿನಗೆ ಹಗುರಾಗಲಿ, ನನ್ನ ತಂಗಿ. ನಿನ್ನ ಮಗ ನಿನ್ನ ಪಕ್ಕದಲ್ಲೇ ಇರಲಿ. ದಾರಿ ಬಿಡುವವರೆಗೂ ನಾವು ಇಲ್ಲೇ ಇದ್ದೇವೆ, ಇನ್ನೂ ಇಬ್ಬರು ಬಸುರಿಯರಿದ್ದಾರೆ.

ನಿನ್ನ ಪಾಠದ ಅರ್ಧ ಹೊತ್ತ
ಬುರುಲ್ ಎಜೆ