ಅಲ್ಪ ಪ್ರಮಾಣ ಮತ್ತು ಕಾಡಪ್ಪನ ಕಣ್ಣು

ಟ್ರಂಕ್ ಕಾಲ್‌ಗಳನ್ನು ಗಾಳಿಯಲ್ಲಿ ಹಾರಿಸುವ ಮೈಕ್ರೋವೇವ್ ಕೇಂದ್ರದ ಮಾನ್ಯ ಮೇಲಧಿಕಾರಿಗಳೇ,

ನಮ್ಮ ಕೇರಿಯ ಕಾಡಪ್ಪ ಕಣ್ಣು ಕಳೆದುಕೊಂಡನೆಂದು ಬರೆದ ಅರ್ಜಿಗೆ ನೀವು ಒಂದೇ ಸಾಲಿನ ಉತ್ತರ ಬರೆದಿದ್ದೀರಿ: ‘ಅಳೆದು ನೋಡಲಾಗಿದೆ, ಕಿರಣದ ಪ್ರಮಾಣ ಅಲ್ಪ, ಬಾಧಕವಿಲ್ಲ.’ ಯಾವುದರಿಂದ ಅಳೆದಿರಿ? ಮನೋಳಿ ಗುಡ್ಡದ ಮೇಲಿನ ನಿಮ್ಮ ಕೇಂದ್ರದಲ್ಲಿ ಅಳೆಯುವ ಮೀಟರು ಕೆಟ್ಟು ಎರಡು ವರ್ಷವಾಯಿತು. ಅಂದಿನಿಂದ ಕಾಡಪ್ಪನ ಗಲ್ಲವೇ ನಿಮ್ಮ ಮೀಟರು!

ಗೋಪುರದ ತುದಿಯಲ್ಲಿ ಕಿರಣ ಹೊರಬೀಳುವ ತಗಡಿನ ಕಹಳೆಯ ಬಾಯಿಯಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟುತ್ತವೆ. ದಿನಗೂಲಿಯ ಕಾಡಪ್ಪ ಹತ್ತಿ ಹೋಗಿ ಕೆರೆದು ತೆಗೆಯಬೇಕು. ಯಂತ್ರ ನಿಲ್ಲಿಸುವಂತಿಲ್ಲ; ದೊಡ್ಡವರ ಮಾತು ತುಂಡಾಗುತ್ತದಲ್ಲ! ಕೆರೆದಾದ ಮೇಲೆ ಕಹಳೆಯ ಬಾಯಿಗೆ ಗಲ್ಲ ಹಚ್ಚಿ ನಿಲ್ಲಬೇಕು. ಕೆಳಗಿನಿಂದ ಸೂಪರ್‌ವೈಸರ್ ಕೂಗುತ್ತಾನೆ: “ನಡದೈತೇನಲೇ ಕಾಡ್ಯಾ?”

“ಬೆಚ್ಚಗೈತ್ರಿ, ಸಾಹೇಬ್ರ!”

ಬೆಚ್ಚಗಿದ್ದರೆ ಯಂತ್ರ ಸರಿಯಿದೆ ಎಂದು ದಾಖಲೆ. ಆಹಾ, ಎಂಥ ವಿಜ್ಞಾನ!

ಕಣ್ಣು ಮಂಜಾಗುತ್ತಿದೆ ಎಂದು ಕಾಡಪ್ಪ ಹೆಂಡತಿ ಮರೆವ್ವನೊಡನೆ ಕೇಂದ್ರಕ್ಕೆ ಬಂದ. ಸೂಪರ್‌ವೈಸರ್ ನಕ್ಕ: “ಎಮ್ಮಿ ಹಾಲು ಕುಡೀಲೇ.”

“ಎಮ್ಮಿ ನೀವ ಕೊಡಸ್ತೀರೇನ್ರಿ?” ಎಂದಳು ಮರೆವ್ವ. ಅವಳನ್ನು ಗೇಟಿನಾಚೆ ತಳ್ಳಿದರು.

ಬೈಲಹೊಂಗಲದ ಕಣ್ಣಿನ ಡಾಕ್ಟರು ಮೂವತ್ತನಾಲ್ಕರ ಈ ಮನುಷ್ಯನ ಎರಡೂ ಕಣ್ಣಲ್ಲಿ ಎಪ್ಪತ್ತರ ಮುದುಕನ ಪೊರೆ ಕಂಡರು. ಕಿರಣದಿಂದಲೇ ಎಂದು ರುಜುವಾಗಿಲ್ಲ ಎನ್ನುತ್ತೀರಿ. ಅಲ್ಲವೆಂದು ನೀವು ರುಜು ಮಾಡಿದ್ದೀರಾ? ಅಮೆರಿಕದವರು ಇಷ್ಟು ತಾಳಬಹುದು ಎಂದದ್ದಕ್ಕಿಂತ ಸಾವಿರ ಪಟ್ಟು ಕಡಿಮೆಗೆ ರಷ್ಯದವರು ಗೆರೆ ಎಳೆದಿದ್ದಾರೆ. ಜಗತ್ತಿನ ಪಂಡಿತರೇ ಒಮ್ಮತಕ್ಕೆ ಬಾರದ ‘ಅಲ್ಪ’ ನಿಮ್ಮ ಮೇಜಿನ ಮೇಲೆ ಮಾತ್ರ ಹೇಗೆ ಇತ್ಯರ್ಥವಾಯಿತು? ಗಲ್ಲ ಹಚ್ಚುವವನು ಕೇರಿಯವನು, ಹಾಗಾಗಿ ಪ್ರಮಾಣವೂ ಅಲ್ಪ, ಮನುಷ್ಯನೂ ಅಲ್ಪ. ಅಲ್ಲವೇ?

ಈಗ ಆ ಕೆಲಸಕ್ಕೆ ಕಾಡಪ್ಪನ ತಮ್ಮ, ಎರಡು ಮಕ್ಕಳ ತಂದೆ ಬಾಳುವನ್ನು ಕರೆದಿದ್ದೀರಿ. ಸೋಮವಾರ ಅವನು ಹತ್ತಬೇಕು. ‘ಬೇಡ ಅನ್ನೋ’ ಎಂದು ನಾನು ಅವನಿಗೆ ಹೇಳಿದೆ. “ಅಣ್ಣನ ಮನೀನೂ ನಾನ ನಡಸಬೇಕಲ್ಲೋ ಮಾರಾಯಾ” ಎಂದ.

ಆದ್ದರಿಂದ ಕೇಳುತ್ತಿಲ್ಲ, ಹೇಳುತ್ತಿದ್ದೇವೆ: ಮನುಷ್ಯ ಮೇಲಿದ್ದಷ್ಟು ಹೊತ್ತು ಯಂತ್ರ ನಿಲ್ಲಬೇಕು. ಮೀಟರು ದುರಸ್ತಿಯಾಗಬೇಕು. ಕಾಡಪ್ಪನ ಕಣ್ಣಿನ ಆಪರೇಷನ್ ನಿಮ್ಮ ಇಲಾಖೆಯೇ ಮಾಡಿಸಬೇಕು. ಆಗದಿದ್ದರೆ ಸೋಮವಾರ ತಾವೇ ಬನ್ನಿ. ಏಣಿ ಹಿಡಿಯಲು ಬಾಳು ಇರುತ್ತಾನೆ. ಮೇಲೆ ಹೋಗಿ ಗಲ್ಲ ಹಚ್ಚಿ. ಕೆಳಗೆ ನಿಂತು “ನಡದೈತೇನ್ರಿ ಸಾಹೇಬ್ರ?” ಎಂದು ಕೂಗುವ ಕೆಲಸ ಕಾಡಪ್ಪನಿಗಿರಲಿ. ಅದಕ್ಕೆ ಕಣ್ಣು ಬೇಕಾಗಿಲ್ಲ.

ಇಂತಿ,
ನಿಮ್ಮ ಒಂದು ಸಾಲನ್ನು ಕಾಡಪ್ಪನಿಗೆ ಓದಿ ಹೇಳಬೇಕಾಗಿ ಬಂದ ಪಾಪಿ,
ಶಂಕ್ರೆಪ್ಪ
ಮನೋಳಿ, 1977